ಹಳೇ ವಾಲ್ವ್ ಟ್ರಾನ್ಸೀವರ್ ಟ್ಯೂನ್ ಮಾಡುವುದು ಹೇಗೆ?

ಈಗಿನ ಹ್ಯಾಮ್ (ಹವ್ಯಾಸಿ) ರೇಡಿಯೊಗಳಲ್ಲಿ ಬ್ಯಾಂಡ್ (ಫ್ರೀಕ್ವೆನ್ಸಿ ವಲಯ) ಬದಲಿಸಿ ಮೈಕ್ ಒತ್ತಿದರೆ ಸಾಕು, ಮಾತು ಶುರು. 1970ರ ದಶಕದ ಯಾಸು ಎಫ್‌ಟಿ-101, ಕೆನ್‌ವುಡ್ ಟಿಎಸ್-520ರಂಥ ಟ್ರಾನ್ಸೀವರ್ (ಕಳಿಸುವುದು, ಕೇಳುವುದು ಎರಡೂ ಮಾಡುವ) ಸೆಟ್‌ಗಳು ಹಾಗಲ್ಲ. ಒಳಗೆ ಹೆಚ್ಚಿನದೆಲ್ಲ ಟ್ರಾನ್ಸಿಸ್ಟರ್, ಕಳಿಸುವ ಭಾಗದ ಕೊನೆಯ ಎರಡು ಹಂತಗಳಲ್ಲಿ ಮಾತ್ರ ವಾಲ್ವ್ (ಗಾಜಿನ ನಿರ್ವಾತ ಕೊಳವೆ). ಬ್ಯಾಂಡ್ ಬದಲಿಸಿದಾಗಲೆಲ್ಲ ಆ ವಾಲ್ವ್‌ಗಳನ್ನು ನೀವೇ ಕೈಯಾರೆ ಆಂಟೆನಾಕ್ಕೆ ಹೊಂದಿಸಬೇಕು. ಕಲಿತರೆ ಅರ್ಧ ನಿಮಿಷದ ಕೆಲಸ. ತಪ್ಪಿದರೆ ವಾಲ್ವ್ ಹೋಗುತ್ತದೆ, ಹೊಸದು ಸುಲಭಕ್ಕೆ ಸಿಗುವುದಿಲ್ಲ.

ವರ್ಷಗಟ್ಟಲೆ ಮೂಲೆಯಲ್ಲಿದ್ದ ಸೆಟ್ಟನ್ನು ತಂದ ದಿನವೇ ಪ್ಲಗ್‌ಗೆ ಹಾಕಬೇಡಿ. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಒಳಗೇ ಸೊರಗಿರುತ್ತವೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಬಿದ್ದರೆ ಸಿಡಿಯಬಹುದು. ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಇದ್ದರೆ ವಾಲ್ವ್ ಬಿಸಿಮಾಡುವ ಹೀಟರ್ ಸ್ವಿಚ್ ಆಫ್ ಇಟ್ಟು, ಕೆಲವು ಗಂಟೆಗಳಲ್ಲಿ ನಿಧಾನವಾಗಿ ವೋಲ್ಟೇಜ್ ಏರಿಸಿ. ಇನ್ನೊಂದು ಮಾತು: ಸ್ವಿಚ್ ಆಫ್ ಮಾಡಿದ ಮೇಲೂ ಒಳಗೆ 600ರಿಂದ 800 ವೋಲ್ಟ್ ಉಳಿದಿರಬಹುದು. ಅನುಭವಸ್ಥರು ಜೊತೆಗಿಲ್ಲದೆ ಮುಚ್ಚಳ ತೆಗೆಯಲೇಬೇಡಿ.

ಸೆಟ್ ಸರಿಯಿದೆ ಅಂದುಕೊಳ್ಳೋಣ. ಹಿಂಬದಿಗೆ ಆಂಟೆನಾ ಬೇಡ, 50 ಓಮ್‌ನ ಡಮ್ಮಿ ಲೋಡ್ (ಸಿಗ್ನಲ್ಲನ್ನು ಹೊರಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಾಕಿ. ಕಲಿಯುವಾಗ ನಮ್ಮ ಸಿಗ್ನಲ್ ಇನ್ನೊಬ್ಬರ ಮಾತಿನ ಮೇಲೆ ಬೀಳಬಾರದು ಅಲ್ವಾ? ಸೆಟ್ ಆನ್ ಮಾಡಿ, ಹೀಟರ್ ಹಾಕಿ. ವಾಲ್ವ್ ಬಿಸಿಯಾಗಲು ಒಂದೆರಡು ನಿಮಿಷ ಸಾಕು. ಆದರೆ ಫ್ರೀಕ್ವೆನ್ಸಿ ಜಾರದೆ ನಿಲ್ಲಬೇಕಾದರೆ ಅರ್ಧ ಗಂಟೆ ಬೇಕು. ಅಲ್ಲಿಯವರೆಗೆ ಸುಮ್ನೆ ಕೂರಿ.

ಮೊದಲ ಕೆಲಸ ಕಿವಿಯದು. ಬ್ಯಾಂಡ್ ಸ್ವಿಚ್ಚನ್ನು 7 ಮೆಗಾಹರ್ಟ್ಸ್‌ಗೆ ಇಡಿ. ಮಾರ್ಕರ್ (ಡಯಲ್ ಪರೀಕ್ಷೆಗೆ ಸೆಟ್ಟೇ ಹುಟ್ಟಿಸುವ ಸಿಗ್ನಲ್) ಆನ್ ಮಾಡಿ ಡಯಲ್ ತಿರುಗಿಸಿದರೆ ಪ್ರತಿ 25 ಕಿಲೋಹರ್ಟ್ಸ್‌ಗೊಂದು ಸಿಳ್ಳೆ ಕೇಳುತ್ತದೆ. ಡಯಲ್ ಎಷ್ಟು ಸರಿಯಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅದೇ ಸಿಳ್ಳೆ ಹಿಡಿದುಕೊಂಡು ಪ್ರಿಸೆಲೆಕ್ಟ್ ಗುಂಡಿಯನ್ನು ತಿರುಗಿಸಿ. ಟಿಎಸ್-520ರಲ್ಲಿ ಇದರ ಹೆಸರು ಡ್ರೈವ್. ಒಂದು ಜಾಗದಲ್ಲಿ ಸದ್ದು ತಟ್ಟನೆ ತುಂಬಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ. ಕೇಳುವುದಕ್ಕೆ ಸರಿಯಾದ ಜಾಗ ಕಳಿಸುವುದಕ್ಕೂ ಹೆಚ್ಚುಕಡಿಮೆ ಅದೇ.

ಈಗ ಮಾರ್ಕರ್ ಆಫ್ ಮಾಡಿ, ಮೀಟರನ್ನು ಐಸಿಗೆ (ಟಿಎಸ್-520ರಲ್ಲಿ ಐಪಿ) ಹಾಕಿ. ಅದು ವಾಲ್ವ್‌ಗಳ ಕರೆಂಟ್ ತೋರಿಸುತ್ತದೆ. ಮೋಡ್ ಎಸ್‌ಎಸ್‌ಬಿಯಲ್ಲಿರಲಿ (ಮಾತಿನ ಮೋಡ್, ಎಲ್‌ಎಸ್‌ಬಿ ಅಥವಾ ಯುಎಸ್‌ಬಿ), ಮೈಕ್ ಗೇನ್ ಪೂರ್ತಿ ಇಳಿಸಿ ಟ್ರಾನ್ಸ್‌ಮಿಟ್ ಒತ್ತಿ. ಈ ಎರಡು ಸೆಟ್‌ಗಳಲ್ಲೂ ಮುಳ್ಳು 60 ಮಿಲಿಆಂಪಿಯರ್ ಹತ್ತಿರ ನಿಲ್ಲಬೇಕು. ಇಲ್ಲದಿದ್ದರೆ ಮೊದಲು ಬಯಾಸ್ (ಈ ಕರೆಂಟನ್ನು ನಿರ್ಧರಿಸುವ ವೋಲ್ಟೇಜ್) ಸರಿಮಾಡಿಸಿ.

ನಂತರದ್ದೇ ನಿಜವಾದ ಟ್ಯೂನಿಂಗ್. ಪ್ಲೇಟ್ ಗುಂಡಿಯನ್ನು ಆ ಬ್ಯಾಂಡ್‌ನ ಗುರುತಿಗೆ, ಲೋಡ್ ಗುಂಡಿಯನ್ನು ಕೈಪಿಡಿ ಹೇಳಿದ ಜಾಗಕ್ಕೆ ಮೊದಲೇ ತಂದಿಡಿ. ಮೋಡ್ ಟ್ಯೂನ್‌ಗೆ ಹಾಕಿ, ಟ್ರಾನ್ಸ್‌ಮಿಟ್ ಒತ್ತಿ, ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಸ್ವಲ್ಪ ಏರಿಸಿ. ಮುಳ್ಳು ಮೇಲೇರುತ್ತದೆ. ಪ್ಲೇಟ್ ಗುಂಡಿಯನ್ನು ಮೆಲ್ಲಗೆ ಆಚೀಚೆ ಆಡಿಸಿ. ಒಂದು ಕಡೆ ಮುಳ್ಳು ಚಕ್ಕನೆ ಕೆಳಗೆ ಕುಸಿದು ಮತ್ತೆ ಏಳುತ್ತದೆ. ಅದೇ ಡಿಪ್. ಕುಸಿದ ತಳದಲ್ಲೇ ಗುಂಡಿ ಬಿಟ್ಟು ತಕ್ಷಣ ಟ್ರಾನ್ಸ್‌ಮಿಟ್ ನಿಲ್ಲಿಸಿ.

ಡಿಪ್ ಯಾಕೆ ಮುಖ್ಯ ಅಂದರೆ, ಅಲ್ಲಿ ಪ್ಲೇಟ್ ಸರ್ಕ್ಯೂಟ್ ನಿಮ್ಮ ಫ್ರೀಕ್ವೆನ್ಸಿಗೆ ಕೂಡಿಬಂದಿರುತ್ತದೆ. ಅದು ತಪ್ಪಿದರೆ ಆಂಟೆನಾಕ್ಕೆ ಹೋಗಬೇಕಾದ ಶಕ್ತಿಯೆಲ್ಲ ವಾಲ್ವ್ ಒಳಗೇ ಶಾಖವಾಗುತ್ತದೆ. ಒಮ್ಮೆ ನಾನು ಡಿಪ್ ಹುಡುಕುತ್ತಾ ಕೈ ತೆಗೆಯುವುದು ಮರೆತೆ. ಮುಚ್ಚಳದ ತೂತುಗಳಿಂದ ಇಣುಕಿದರೆ ವಾಲ್ವ್‌ನ ಬೂದು ಪ್ಲೇಟ್ ಕೆಂಡದ ಬಣ್ಣಕ್ಕೆ ತಿರುಗಿತ್ತು. ಅವತ್ತಿನಿಂದ ಟ್ರಾನ್ಸ್‌ಮಿಟ್ ಒತ್ತಿದ ಕೂಡಲೇ ಮನಸ್ಸಿನಲ್ಲೇ ಎಣಿಸುತ್ತೇನೆ. ಒಮ್ಮೆಗೆ 10 ಸೆಕೆಂಡ್ ಮೀರಬಾರದು. ನಡುವೆ ಅರ್ಧ ನಿಮಿಷ ತಣಿಯಲು ಬಿಡಬೇಕು. ಎಫ್‌ಟಿ-101ರ 6ಜೆಎಸ್6 ವಾಲ್ವ್ ಟಿವಿಗಾಗಿ ಹುಟ್ಟಿದ್ದು, ಅದಕ್ಕೆ ತಾಳಿಕೆ ಕಡಿಮೆ. ಟಿಎಸ್-520ರದ್ದು 6146 ಜಾತಿಯ ವಾಲ್ವ್, ಇನ್ನಷ್ಟು ಗಟ್ಟಿ. ಆದರೂ ನಿಯಮ ಒಂದೇ.

ಇನ್ನು ಮೀಟರನ್ನು ಪವರ್ ಔಟ್‌ಪುಟ್‌ಗೆ ಬದಲಿಸಿ, ಕ್ಯಾರಿಯರ್ ಜಾಸ್ತಿ ಮಾಡಿ. ಲೋಡ್ ಗುಂಡಿಯಿಂದ ಮುಳ್ಳನ್ನು ಏರಿಸಿ, ಪ್ಲೇಟ್ ಮತ್ತೆ ಕೂದಲೆಳೆಯಷ್ಟು ಸರಿಪಡಿಸಿ. ಎರಡು ಮೂರು ಸುತ್ತಿಗೆ ಮುಳ್ಳು ಇನ್ನು ಏರುವುದಿಲ್ಲ ಎಂಬಲ್ಲಿ ನಿಲ್ಲುತ್ತದೆ. ಆಮೇಲೆ ಡಮ್ಮಿ ಲೋಡ್ ತೆಗೆದು ಆಂಟೆನಾ ಹಾಕಿ. ಆಂಟೆನಾ ಚೆನ್ನಾಗಿ ಹೊಂದಿದ್ದರೆ ಸಣ್ಣ ತಿದ್ದುಪಡಿ ಸಾಕು.

ಮಾತಿಗೆ 7 ಮೆಗಾಹರ್ಟ್ಸ್‌ನಲ್ಲಿ ಎಲ್‌ಎಸ್‌ಬಿ (ಕೆಳ ಪಕ್ಕಪಟ್ಟಿ), 14ರಲ್ಲಿ ಯುಎಸ್‌ಬಿ (ಮೇಲ್ ಪಕ್ಕಪಟ್ಟಿ). ಮೀಟರ್ ಎಎಲ್‌ಸಿಯಲ್ಲಿರಲಿ (ಸಿಗ್ನಲ್ ಮಿತಿಮೀರದಂತೆ ತಡೆಯುವ ಸರ್ಕ್ಯೂಟಿನ ಅಳತೆ). ಮಾತಾಡುವಾಗ ಮುಳ್ಳು ಗುರುತಿನ ಪಟ್ಟಿ ದಾಟದಷ್ಟೇ ಮೈಕ್ ಗೇನ್ ಇಡಿ. ದಾಟಿದರೆ ದನಿ ಒಡೆದು ಅಕ್ಕಪಕ್ಕದವರಿಗೂ ತೊಂದರೆ. ಲೈಸೆನ್ಸ್ ಇಲ್ಲದಿದ್ದರೆ ಕೇಳಬಹುದಾದದ್ದನ್ನು ಕೇಳಿ, ಟ್ರಾನ್ಸ್‌ಮಿಟ್ ಮುಟ್ಟಬೇಡಿ.

ಟ್ಯೂನ್ ಆದ ಕೂಡಲೇ ಆ ಬ್ಯಾಂಡ್‌ನ ಪ್ಲೇಟ್, ಲೋಡ್, ಪ್ರಿಸೆಲೆಕ್ಟ್ ಎಲ್ಲಿ ನಿಂತಿವೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಗುಂಡಿಗಳನ್ನು ಅಲ್ಲಿಗೇ ತಂದು ಶುರು ಮಾಡಿದರೆ ಮೂರು ಸೆಕೆಂಡಿನಲ್ಲಿ ಡಿಪ್ ಸಿಗುತ್ತದೆ.