ಅಡಿಕೆ ಸುಲಿಯುತ್ತ ಕೇಳಿದ ಪುಸ್ತಕಗಳು

ಕಳೆದ ಮಳೆಗಾಲ ಆರಂಭವಾಗುವ ಹೊತ್ತಿಗೆ ನಮ್ಮ ಮನೆಯಲ್ಲಿ ಓದು ಬಹುಮಟ್ಟಿಗೆ ನಿಂತೇಹೋಗಿತ್ತು. ಸೀತಾಂಗೋಳಿಯ ಹತ್ತಿರದ ಮನೆಯಿಂದ ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟು, ಕುಂಬಳೆಯಲ್ಲಿ ರೈಲು ಹಿಡಿದು, ಮಂಗಳೂರಿನ ಕಚೇರಿಯ ಕೆಲಸ ಮುಗಿಸಿ ನಾನು ಹಿಂದಿರುಗುವಾಗ ಸಂಜೆ ಏಳು ದಾಟಿರುತ್ತದೆ. ಎಲ್ಲರೂ ಮಲಗಿದ ಮೇಲೆ ದಿನಕ್ಕೆ ಒಂದು ಗಂಟೆ ಓದುತ್ತೇನೆಂದು ಎರಡು ವರ್ಷ ನನ್ನನ್ನೇ ನಂಬಿಸಿಕೊಂಡು ಬಂದಿದ್ದೆ. ಆ ಗಂಟೆ ಕೈಗೆ ಸಿಕ್ಕಿದ ದಿನಗಳಲ್ಲಿ ಎರಡನೆಯ ಪುಟಕ್ಕೇ ನಿದ್ದೆ ಬರುತ್ತಿತ್ತು.

ಮೊದಲು ನಾನು ಮಾಡಿದ್ದು ರಾತ್ರಿಯ ಆಸೆಯನ್ನು ಬಿಟ್ಟು ಪುಸ್ತಕವನ್ನು ಊಟದ ಬುತ್ತಿಯೊಂದಿಗೆ ಚೀಲಕ್ಕೆ ಹಾಕಿದ್ದು. ಮೊಬೈಲಿನಲ್ಲಿ ಓದುವ ಪ್ರಯತ್ನವನ್ನೂ ಮಾಡಿದ್ದೆ. ಉಪ್ಪಳ ಬರುವುದರೊಳಗೆ ಬೆರಳು ತಾನಾಗಿ ಬೇರೆಲ್ಲಿಗೋ ಹೋಗಿರುತ್ತಿತ್ತು. ಕಾಗದದ ಪುಸ್ತಕಕ್ಕೆ ಆ ಉಪದ್ರವವಿಲ್ಲ. ಕುಂಬಳೆಯಲ್ಲಿ ತೆರೆದದ್ದನ್ನು ನೇತ್ರಾವತಿಯ ಸೇತುವೆಯ ಸದ್ದು ಕೇಳಿದಾಗ ಮುಚ್ಚುವುದು ಎಂಬ ಲೆಕ್ಕದಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಒಂದೇ ವಾರದಲ್ಲಿ ಓದಿ ಮುಗಿಸಿದೆ. 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಬಂದ ಈ ಕತೆಯ ನದಿ ಕಾಸರಗೋಡು ಪೇಟೆಯ ತೆಂಕಣ ಮಗ್ಗುಲಲ್ಲಿ ಹರಿಯುತ್ತದೆ, ಬರೆದವರು ಹುಟ್ಟಿದ್ದೂ ಈ ಊರಿನಲ್ಲಿಯೇ. ಆದರೂ ಕಾಲೇಜಿನಲ್ಲಿ ಅದರ ಹೆಸರನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದ್ದ ನಾನು ಪುಸ್ತಕವನ್ನು ತೆರೆದದ್ದು ನಲವತ್ತು ದಾಟಿದ ಮೇಲೆ. ತಲಾಖ್ ಪಡೆದ ನಾದಿರಾ ಮೊದಲ ಗಂಡನನ್ನು ಮತ್ತೆ ಸೇರಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಬೇಕೆಂಬ ಭಾಗಕ್ಕೆ ಬಂದಾಗ ರೈಲು ಮಂಜೇಶ್ವರದಲ್ಲಿ ನಿಂತಿತ್ತು. ಆ ದಿನ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಉಳ್ಳಾಲದವರೆಗೂ ಕಿಟಕಿಯನ್ನೇ ನೋಡುತ್ತ ಕುಳಿತಿದ್ದೆ.

ಮನೆಯವರ ಓದು ಮರಳಿದ ಬಗೆ ಬೇರೆ. ಒಣಗಿದ ಅಡಿಕೆಯಲ್ಲಿ ಹೆಚ್ಚಿನ ಪಾಲನ್ನು ಯಂತ್ರ ತರುವವರಿಗೆ ಸುಲಿಯಲು ಕೊಟ್ಟರೂ ಹತ್ತಾರು ಗೋಣಿಯನ್ನು ಮಾವ ಮನೆಯಲ್ಲಿಯೇ ಉಳಿಸಿಕೊಳ್ಳುತ್ತಾರೆ. ಯಂತ್ರ ಅಡಿಕೆಯನ್ನು ಗಾಯ ಮಾಡುತ್ತದೆ ಎಂಬುದು ಅವರ ದೂರು. ರಾತ್ರಿ ಊಟಕ್ಕೆ ಮೊದಲು ಜಗಲಿಯಲ್ಲಿ ಮಾವ, ಅತ್ತೆ, ನನ್ನ ಪತಿ ಮತ್ತು ನಾನು ಕತ್ತಿಯ ಮುಂದೆ ಕುಳಿತುಕೊಳ್ಳುತ್ತೇವೆ. ಎಂಟನೆಯ ತರಗತಿಯ ಮಗಳಿಗೆ ಸುಲಿಯುವುದೆಂದರೆ ಆಗದು. ಜೂನ್ 19, ಕೇರಳದ ಗ್ರಂಥಾಲಯ ಚಳವಳಿಯನ್ನು ಕಟ್ಟಿದ ಪಿ. ಎನ್. ಪಣಿಕ್ಕರ್ ಅವರ ಪುಣ್ಯತಿಥಿ, ಕೇರಳದ ಶಾಲೆಗಳಲ್ಲಿ ವಾಚನ ದಿನ. ಅದರ ಸಲುವಾಗಿ ಒಂದು ಪುಸ್ತಕ ಓದಿ ಟಿಪ್ಪಣಿ ಬರೆಯಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಅದನ್ನು ನೆಪ ಮಾಡಿಕೊಂಡು, ‘ನಾನು ಓದುತ್ತೇನೆ, ನೀವು ಸುಲಿಯಿರಿ’ ಎಂದು ಅವಳು ಜಗಲಿಯ ತುದಿಯಲ್ಲಿ ಕಾಲು ಚಾಚಿ ಕುಳಿತಳು. ಮೈಗಳ್ಳತನದಿಂದಲೇ ಆರಂಭವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಅವಳು ತಂದದ್ದು 1959ರಲ್ಲಿ ಪ್ರಕಟವಾದ, ಮಲೆಯಾಳದ ಕತೆಗಾರ ವೈಕಂ ಮುಹಮ್ಮದ್ ಬಷೀರರ ‘ಪಾತ್ತುಮ್ಮಾಯುಡೆ ಆಡ್’ (ಪಾತುಮ್ಮಳ ಆಡು), ಅದೂ ಮಲೆಯಾಳದಲ್ಲಿ. ಅವಳು ಕಲಿಯುವುದು ಕನ್ನಡ ಮಾಧ್ಯಮದಲ್ಲಿಯಾದರೂ ಮಲೆಯಾಳದ ಅಕ್ಷರ ಅವಳಿಗೆ ಸಲೀಸು. ನನಗೆ ಬಸ್ಸಿನ ಬೋರ್ಡು ಓದುವಷ್ಟು ಬರುತ್ತದೆ, ಅತ್ತೆಗೆ ಆಡಿದರೆ ಅರ್ಥವಾಗುತ್ತದೆ, ಅಕ್ಷರ ತಿಳಿಯದು. ಆದ್ದರಿಂದ ಮಗಳು ಒಂದೊಂದು ವಾಕ್ಯವನ್ನು ಮನಸ್ಸಿನಲ್ಲಿ ಓದಿಕೊಂಡು ನಮ್ಮ ಹವ್ಯಕ ಮಾತಿನಲ್ಲಿ ಹೇಳುತ್ತ ಹೋದಳು. ಬಷೀರರ ಮನೆಮಾತಿನ ಕೆಲವು ಪದಗಳು ಅವಳ ಪಠ್ಯಪುಸ್ತಕದ ಮಲೆಯಾಳಕ್ಕೆ ಸಿಗುತ್ತಿರಲಿಲ್ಲ. ಅವನ್ನು ಪೆನ್ಸಿಲಿನಿಂದ ಗುರುತಿಸಿಟ್ಟು ಮರುದಿನ ಶಾಲೆಯಲ್ಲಿ ಮಲೆಯಾಳ ಮನೆಮಾತಿನ ಮುಸ್ಲಿಮರಾದ ಮಾಪಿಳ್ಳ ಸಮುದಾಯದ ಗೆಳತಿಯೊಬ್ಬಳನ್ನು ಕೇಳಿ ಬರುತ್ತಿದ್ದಳು. ಹಾಗಾಗಿ ಹಿಂದಿನ ರಾತ್ರಿಯ ಅರ್ಥವನ್ನು ತಿದ್ದಿದ ಮೇಲೆಯೇ ಮುಂದಿನ ಕತೆ. ಆಡು ಬಷೀರರ ‘ಬಾಲ್ಯಕಾಲಸಖಿ’ ಮತ್ತು ‘ಶಬ್ದಙಳ್’ ಪುಸ್ತಕಗಳನ್ನು ತಿಂದು, ಕೊನೆಗೆ ಕಂಬಳಿಗೆ ಬಾಯಿ ಹಾಕುವ ಪ್ರಸಂಗದಲ್ಲಿ ಅತ್ತೆ ಕತ್ತಿ ಬಿಟ್ಟು ನಕ್ಕರು. “ಆಡಿಂಗೆ ಎಂತ ಗೊಂತು, ಪುಸ್ತಕವೋ ಸೊಪ್ಪೋ!” ಎಂದವರು, ತಮ್ಮ ಮದುವೆಯ ಹೊಸತರಲ್ಲಿ ಬೇಲಿಗೆ ಹರಗಿದ್ದ ಸೀರೆಯ ಸೆರಗನ್ನು ದನ ಜಗಿದದ್ದನ್ನು ಹೇಳಿದರು. ಆ ರಾತ್ರಿ ಓದು ಎರಡೇ ಪುಟ ಸಾಗಿತು.

ಮಾಡುತ್ತ ಹೋದ ಹಾಗೆ ಕೆಲವು ಸಂಗತಿಗಳು ತಿಳಿದವು. ಮಾಡಿನ ಶೀಟಿನ ಮೇಲೆ ಮಳೆ ಹೊಡೆಯುವಾಗ ದೀರ್ಘ ವರ್ಣನೆ ಯಾರ ಕಿವಿಗೂ ತಲುಪುವುದಿಲ್ಲ, ಸಂಭಾಷಣೆ ತಲುಪುತ್ತದೆ. ಪಾತ್ರಗಳು ಬಹಳವಿದ್ದ ದಪ್ಪನೆಯ ಕಾದಂಬರಿಯೊಂದನ್ನು ನಾನು ಉತ್ಸಾಹದಿಂದ ಆರಿಸಿ ನಾಲ್ಕು ರಾತ್ರಿಗೆ ಕೈಬಿಡಬೇಕಾಯಿತು. ನಡುವೆ ವಿವರಿಸಲು ನಿಂತರೆ ಕೇಳುವವರಿಗೆ ಬೇಸರ. ನನ್ನ ಈ ಚಟವನ್ನು ಬಿಡಿಸಿದವಳು ಮಗಳು. ಕರೆಂಟು ಹೋದ ದಿನ ಓದನ್ನು ನಿಲ್ಲಿಸುವ ಬದಲು ಅದುವರೆಗಿನ ಕತೆಯನ್ನು ಅತ್ತೆಯಿಂದ ಹೇಳಿಸುತ್ತಿದ್ದೆವು. ಅವರ ಬಾಯಲ್ಲಿ ಕತೆ ಸ್ವಲ್ಪ ಬೇರೆಯಾಗುತ್ತಿತ್ತು, ಯಾರೂ ತಿದ್ದಲು ಹೋಗಲಿಲ್ಲ.

ಎರಡನೆಯದಾಗಿ ಕಾರಂತರ ‘ಬೆಟ್ಟದ ಜೀವ’ವನ್ನು ನಾನು ಓದಿದೆ. 1943ರ ಈ ಕಾದಂಬರಿಯ ಗೋಪಾಲಯ್ಯ ಕಾಡಿನ ನಡುವೆ ತೋಟ ಎಬ್ಬಿಸಿದವರು. ಆದ್ದರಿಂದ ಮಾವ ಮೊದಮೊದಲು ಕೃಷಿಕನಾಗಿಯೇ ಕೇಳಿದರು, ನೀರಿನ ಮತ್ತು ಇಳಿಜಾರಿನ ಮಾತು ಬಂದಾಗ ಇನ್ನೊಮ್ಮೆ ಓದು ಎಂದರು. ಆದರೆ ಗೋಪಾಲಯ್ಯ ಮತ್ತು ಶಂಕರಮ್ಮ ಮನೆ ಬಿಟ್ಟುಹೋದ ಮಗ ಶಂಭುವಿನ ದಾರಿ ಕಾಯುತ್ತಾರೆಂದು ತಿಳಿದ ರಾತ್ರಿಯಿಂದ ಅವರು ಏನನ್ನೂ ಹೇಳಲಿಲ್ಲ. ಮಾವನ ಹಿರಿಯ ಮಗ ಬೆಂಗಳೂರಿನಲ್ಲಿದ್ದಾರೆ. ಜಗಳವಿಲ್ಲ, ಫೋನು ಬರುತ್ತದೆ, ಅಷ್ಟೇ. ಇಂಥ ಪುಸ್ತಕವನ್ನು ಆರಿಸಬಾರದಿತ್ತೇನೋ ಎಂದು ನಾನು ಪತಿಯಲ್ಲಿ ಪಿಸುಗುಟ್ಟಿದ್ದೂ ಉಂಟು.

ಪುಸ್ತಕ ಮುಗಿಯುವ ಮೊದಲೇ ಅಡಿಕೆ ಮುಗಿಯಿತು. ಗೋಣಿಗಳು ಪೇಟೆಗೆ ಹೋದವು, ಜಗಲಿಯನ್ನು ಗುಡಿಸಿ ಸಿಪ್ಪೆಯನ್ನು ತೋಟಕ್ಕೆ ಹಾಕಿದ್ದಾಯಿತು, ಕಚೇರಿಯ ಕೆಲಸದ ನೆಪದಲ್ಲಿ ನಾನೂ ಮೂರು ದಿನ ಪುಸ್ತಕ ಮುಟ್ಟಲಿಲ್ಲ. ನಾಲ್ಕನೆಯ ರಾತ್ರಿ ಮಾವ ತಮ್ಮ ಎಂದಿನ ಜಾಗದಲ್ಲಿ, ಮುಂದೆ ಕತ್ತಿಯೂ ಇಲ್ಲದೆ, ಬರಿಗೈಯಲ್ಲಿ ಬಂದು ಕುಳಿತರು.

“ಆ ಅಜ್ಜನ ಕತೆ ಇನ್ನೆಷ್ಟು ಒಳುದ್ದು?” ಎಂದು ಕೇಳಿದರು.