ದನಿ ಬಲಕ್ಕೆ ಜಾರಿದಾಗ: ನನ್ನ ವಾಲ್ವ್ ಪ್ರೀಆಂಪ್ ಸರಿಮಾಡಿದ ಬಗೆ

ಒಬ್ಬರೇ ಹಾಡುತ್ತಿದ್ದರೆ ದನಿ ಎರಡು ಸ್ಪೀಕರ್‌ಗಳ ನಟ್ಟನಡುವಿಂದ ಬರಬೇಕು. ನನ್ನ ವಾಲ್ವ್ ಪ್ರೀಆಂಪ್‌ನಲ್ಲಿ (ಪ್ಲೇಯರ್ ಮತ್ತು ಪವರ್ ಆಂಪ್ ನಡುವೆ ಕೂತು ಸದ್ದಿನ ಮಟ್ಟ ಹೊಂದಿಸುವ, ಗಾಜಿನ ವಾಲ್ವ್‌ಗಳಿಂದ ನಡೆಯುವ ಪೆಟ್ಟಿಗೆ) ಅದು ಬಲಕ್ಕೆ ಜಾರಿತ್ತು, ಅಂದರೆ ಎಡಗಡೆ ಸದ್ದು ಕಡಿಮೆಯಾಗಿತ್ತು. ಕುರ್ಚಿ ಸರಿಸಿದೆ, ಸ್ಪೀಕರ್ ತಿರುಗಿಸಿದೆ, ಏನೂ ಬದಲಾಗಲಿಲ್ಲ.

ಮುಚ್ಚಳ ಬಿಚ್ಚುವ ಮೊದಲು ಕೇಬಲ್ ಅದಲುಬದಲು ಮಾಡಿ ನೋಡಿದೆ. ಪ್ರೀಆಂಪ್‌ನಿಂದ ಪವರ್ ಆಂಪ್‌ಗೆ (ಸ್ಪೀಕರ್ ನಡೆಸುವ ಆಂಪ್ಲಿಫೈಯರ್) ಹೋಗುವ ಎಡ-ಬಲ ಕೇಬಲ್‌ಗಳನ್ನು ಪವರ್ ಆಂಪ್ ತುದಿಯಲ್ಲಿ ಬದಲಿಸಿದಾಗ ಕಡಿಮೆ ಸದ್ದು ಬಲ ಸ್ಪೀಕರ್‌ಗೆ ಬಂತು. ಅಂದರೆ ಪವರ್ ಆಂಪ್, ಸ್ಪೀಕರ್ ಎರಡೂ ಸರಿ ಇವೆ. ಅದನ್ನು ಮೊದಲಿನಂತೆ ಮಾಡಿ, ಪ್ಲೇಯರ್‌ನಿಂದ ಬರುವ ಕೇಬಲ್‌ಗಳನ್ನು ಬದಲಿಸಿದೆ. ಆಗಲೂ ಎಡಗಡೆಯೇ ಕಡಿಮೆ. ತೊಂದರೆ ಪ್ರೀಆಂಪ್ ಒಳಗೇ ಇದೆ ಅಂತ ಖಾತ್ರಿಯಾಯಿತು. ಪ್ರತಿ ಸಲ ಕೇಬಲ್ ಮುಟ್ಟುವ ಮೊದಲು ಪವರ್ ಆಂಪ್ ಆಫ್ ಮಾಡಿಕೊಳ್ಳಿ.

ನನ್ನದರಲ್ಲಿ ಪ್ರತಿ ಚಾನೆಲ್‌ಗೆ ಒಂದೊಂದು 12ಎಯು7 ವಾಲ್ವ್. ಅದರ ಮೊದಲ ಅರ್ಧ ಗೇನ್ ಕೊಡುತ್ತದೆ, ಅಂದರೆ ಸಿಗ್ನಲ್ ದೊಡ್ಡದು ಮಾಡುತ್ತದೆ. ಇನ್ನರ್ಧ ಕ್ಯಾಥೋಡ್ ಫಾಲೋವರ್, ಅದು ಸಿಗ್ನಲ್ ದೊಡ್ಡದು ಮಾಡದೆ ಮುಂದಕ್ಕೆ ದಾಟಿಸುತ್ತದೆ ಅಷ್ಟೆ. ಎರಡೂ ವಾಲ್ವ್ ಅದಲುಬದಲು ಮಾಡಿದೆ. ಎಡಗಡೆಯೇ ಕಡಿಮೆ. ವಾಲ್ವ್ ತಪ್ಪಲ್ಲ. ಕೆಲವು ಪ್ರೀಆಂಪ್‌ಗಳಲ್ಲಿ ಒಂದೇ ವಾಲ್ವ್‌ನ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಹಂಚಿರುತ್ತಾರೆ. ಅಲ್ಲಿ ಹೀಗೆ ಬದಲಿಸಿದರೆ ಏನೂ ಗೊತ್ತಾಗಲ್ಲ, ಸರಿ ಇರುವ ಬೇರೆ ವಾಲ್ವ್ ಹಾಕಿಯೇ ನೋಡಬೇಕು.

ಇನ್ನು ವಾಲ್ಯೂಮ್ ಪಾಟ್, ಅಂದರೆ ನಾಬ್ ಹಿಂದಿನ ಬದಲಾಗುವ ರೆಸಿಸ್ಟರ್. ಜೋಡಿ ಪಾಟ್‌ನ ಎರಡು ಟ್ರ್ಯಾಕ್‌ಗಳು ಕೆಳಗಿನ ವಾಲ್ಯೂಮ್‌ನಲ್ಲಿ ಜೊತೆಜೊತೆಗೆ ಏರುವುದಿಲ್ಲ, ಇದು ಸಾಮಾನ್ಯ. ಆದರೆ ನಾಬ್ ಪೂರ್ತಿ ತಿರುಗಿಸಿದರೂ ವ್ಯತ್ಯಾಸ ಹಾಗೇ ಇತ್ತು. ಆ ಜಾಗದಲ್ಲಿ ಪಾಟ್‌ನ ತಪ್ಪು ಬಹುಪಾಲು ಮಾಯವಾಗಬೇಕಲ್ವಾ? ಹಾಗಾಗಿ ಅದನ್ನು ಆಮೇಲೆ ನೋಡೋಣ ಅಂತ ಬಿಟ್ಟೆ.

ಮುಂದಿನದು ಮುಚ್ಚಳ ತೆಗೆದು ಮಾಡುವ ಕೆಲಸ. ಒಳಗೆ 250 ವೋಲ್ಟ್ ಡಿಸಿ ಇದೆ. ಅದು ಜೀವ ತೆಗೆಯಬಲ್ಲದು, ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ನಾನು 10 ಕಿಲೋ ಓಮ್, 5 ವಾಟ್ ರೆಸಿಸ್ಟರ್‌ಗೆ ಒಳ್ಳೆ ಇನ್ಸುಲೇಶನ್ ಇರುವ ವೈರ್ ಹಾಕಿಟ್ಟುಕೊಂಡಿದ್ದೇನೆ. ಅದರಿಂದ ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೇ ಬೆರಳು ಒಳಗೆ ಹಾಕುವುದು. ಆನ್ ಇರುವಾಗ ಅಳೆಯುವುದಾದರೆ ಒಂದೇ ಕೈ, ಇನ್ನೊಂದು ಬೆನ್ನ ಹಿಂದೆ.

ಮೊದಲು ಡಿಸಿ ಅಳೆದೆ. ಗೇನ್ ಕೊಡುವ ಅರ್ಧದ ಪ್ಲೇಟ್‌ನಲ್ಲಿ (ದೊಡ್ಡದಾದ ಸಿಗ್ನಲ್ ಹೊರಬರುವ ತುದಿ) ಎಡಗಡೆ 115 ವೋಲ್ಟ್, ಬಲಗಡೆ 116. ಕ್ಯಾಥೋಡ್ (ಎಲೆಕ್ಟ್ರಾನ್ ಹೊರಡುವ ತುದಿ) ಎರಡರಲ್ಲೂ 4.3. ನಾನು ಅತಿ ಹೆಚ್ಚು ಹೊತ್ತು ಸಿಕ್ಕಿಕೊಂಡಿದ್ದು ಇಲ್ಲೇ. ವೋಲ್ಟೇಜ್ ಎಲ್ಲ ಸರಿ ಇದ್ದಮೇಲೆ ಸರ್ಕ್ಯೂಟ್ ಸರಿ ಅಂದುಕೊಂಡು ಬೆಸುಗೆ, ಸೆಲೆಕ್ಟರ್ ಸ್ವಿಚ್, ಜ್ಯಾಕ್ ಅಂತ ಸುಮ್ನೆ ಒಂದು ಸಂಜೆ ಕಳೆದೆ.

ಮರುದಿನ ಸಿಗ್ನಲ್ ಹಿಂದೆ ಹೋದೆ. ಎರಡೂ ಚಾನೆಲ್‌ಗೆ ಒಂದೇ 400 ಹರ್ಟ್ಸ್ ಟೋನ್, 100 ಮಿಲಿವೋಲ್ಟ್, ವಾಲ್ಯೂಮ್ ಪೂರ್ತಿ. ಸಾಧಾರಣ ಮಲ್ಟಿಮೀಟರ್‌ಗಳು ಹೆಚ್ಚಿನ ಫ್ರೀಕ್ವೆನ್ಸಿಯಲ್ಲಿ ಎಸಿ ಸರಿಯಾಗಿ ತೋರಿಸುವುದಿಲ್ಲ, ಅದಕ್ಕೇ 1000 ಬಿಟ್ಟು 400 ಹಿಡಿದೆ. ಬಲ ಔಟ್‌ಪುಟ್ 1.30 ವೋಲ್ಟ್, ಎಡ 0.88. ಹೆಚ್ಚುಕಡಿಮೆ 3.4 ಡೆಸಿಬೆಲ್ ಕೊರತೆ. ವಾಲ್ವ್‌ನ ಗ್ರಿಡ್‌ನಲ್ಲಿ (ಸಿಗ್ನಲ್ ಒಳಬರುವ ತುದಿ) ಮಾತ್ರ ಎರಡೂ ಕಡೆ ಸಮ ಇತ್ತು. ಆಮೇಲೆ ಮೀಟರ್ ವೈರ್‌ಗೆ ಸರಣಿಯಲ್ಲಿ ಒಂದು 0.1 ಮೈಕ್ರೋಫ್ಯಾರಡ್, 400 ವೋಲ್ಟ್ ಕೆಪಾಸಿಟರ್ ಹಾಕಿ, ಡಿಸಿ ತಡೆದು, ಕ್ಯಾಥೋಡ್‌ನಲ್ಲಿ ಎಸಿ, ಅಂದರೆ ಸಿಗ್ನಲ್, ಎಷ್ಟಿದೆ ಅಂತ ನೋಡಿದೆ. ಬಲಗಡೆ ಏನೂ ಇಲ್ಲ. ಎಡಗಡೆ 30 ಮಿಲಿವೋಲ್ಟ್!

ಕ್ಯಾಥೋಡ್‌ನಲ್ಲಿ 1.5 ಕಿಲೋ ಓಮ್ ರೆಸಿಸ್ಟರ್, ಅದಕ್ಕೆ ಸಮಾಂತರವಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ. ಸಿಗ್ನಲ್ ಬಂದಾಗ ಕ್ಯಾಥೋಡ್ ಅಲುಗದಂತೆ ಹಿಡಿದಿಡುವುದು ಆ ಕೆಪಾಸಿಟರ್. ಅದು ಸತ್ತರೆ ಕ್ಯಾಥೋಡ್ ಕೂಡ ಗ್ರಿಡ್ ಜೊತೆಗೆ ಏರಿಳಿದು ಗೇನ್ ತಿಂದುಹಾಕುತ್ತದೆ. ನನ್ನ 47 ಕಿಲೋ ಓಮ್ ಪ್ಲೇಟ್ ರೆಸಿಸ್ಟರ್‌ಗೆ ಲೆಕ್ಕ ಹಾಕಿದರೆ ಗೇನ್ ಸುಮಾರು 14ರಿಂದ 9.5ಕ್ಕೆ ಇಳಿಯುತ್ತದೆ. ಅದೇ 3.4 ಡೆಸಿಬೆಲ್. ಕೆಪಾಸಿಟರ್ ಮೂಲಕ ಡಿಸಿ ಹರಿಯುವುದಿಲ್ಲ, ಹಾಗಾಗಿ ಅದು ಶಾರ್ಟ್ ಆಗದೆ ಒಣಗಿ ಸತ್ತರೆ ಡಿಸಿ ಅಳತೆಯಲ್ಲಿ ಸುಳಿವೇ ಸಿಗಲ್ಲ.

ಆಫ್ ಮಾಡಿ, ಚಾರ್ಜ್ ಇಳಿಸಿ, ಹೊಸ ಕೆಪಾಸಿಟರ್ ಒಂದನ್ನು ಹಳೆಯದರ ಮೇಲೇ ತಾತ್ಕಾಲಿಕವಾಗಿ ಬೆಸೆದೆ. ಆನ್ ಮಾಡಿದಾಗ ಮೀಟರ್ 0.88ರಲ್ಲಿ ನಿಲ್ಲದೆ ಏರುತ್ತಾ 1.29ಕ್ಕೆ ಬಂದು ನಿಂತಿತು. ಎಂಥ ಖುಷಿ! ಹಳೆಯದನ್ನು ಬಿಚ್ಚಿದಾಗ ಕಾರಣವೂ ಕಂಡಿತು. ಅದು ಒಂದು ಪವರ್ ರೆಸಿಸ್ಟರ್‌ಗೆ ಒರಗಿಕೊಂಡಿತ್ತು, ಆ ಬದಿಯ ಪ್ಲಾಸ್ಟಿಕ್ ಹೊದಿಕೆ ಸುಕ್ಕುಗಟ್ಟಿ ಕಂದಾಗಿತ್ತು. ವರ್ಷಗಟ್ಟಲೆ ಬಿಸಿ ತಿಂದು ಒಳಗೆ ಒಣಗಿಹೋಗಿತ್ತು. ಎರಡೂ ಚಾನೆಲ್‌ಗೆ 105 ಡಿಗ್ರಿ, 25 ವೋಲ್ಟ್‌ನ ಹೊಸವನ್ನು ಪ್ಲಸ್ ತುದಿ ಕ್ಯಾಥೋಡ್ ಕಡೆಗೆ ಬರುವಂತೆ ಹಾಕಿ, ಕಾಲು ಉದ್ದ ಬಿಟ್ಟು ರೆಸಿಸ್ಟರ್‌ನಿಂದ ದೂರ ಬಾಗಿಸಿದೆ.

ಆಮೇಲೆ ಪಾಟ್‌ಗೆ ಮರಳಿದೆ. ತೀರಾ ಕಡಿಮೆ ವಾಲ್ಯೂಮ್‌ನಲ್ಲಿ ಮಾತ್ರ ದನಿ ಈಗಲೂ ಕೊಂಚ ವಾಲುತ್ತಿತ್ತು. ಪಾಟ್ ಬದಲಿಸಲಿಲ್ಲ. ಪ್ಲೇಯರ್‌ನಿಂದ ಬರುವ ಸಿಗ್ನಲ್ ನನಗೆ ಹೇಗೂ ಜಾಸ್ತಿ ಇತ್ತು. 100 ಕಿಲೋ ಓಮ್ ಪಾಟ್‌ನ ಮುಂದೆ ಪ್ರತಿ ಚಾನೆಲ್‌ಗೆ ಒಂದು 100 ಕಿಲೋ ಓಮ್, 1 ಶೇಕಡಾ ರೆಸಿಸ್ಟರ್ ಸೇರಿಸಿ ಸಿಗ್ನಲ್ ಅರ್ಧ ಮಾಡಿದೆ. ಈಗ ರಾತ್ರಿ ಮೆಲ್ಲಗೆ ಕೇಳುವಾಗಲೂ ನಾಬ್ ಆ ಕೆಟ್ಟ ಜಾಗ ದಾಟಿ ಮೇಲಿರುತ್ತದೆ.