ಒಂದೇ ‘ಇನ್’, ನಾಲ್ಕು ರೂಪ: ಇಂಗ್ಲಿಷಿನ ನಿಷೇಧ ಪದಗಳನ್ನು ಕಲಿಯುವ ಬಗೆ

ಇಂಗ್ಲಿಷ್ ಪದದ ಮೊದಲಿಗೆ ಸೇರಿ ‘ಅಲ್ಲ’, ‘ಇಲ್ಲ’ ಎಂಬ ಅರ್ಥ ಕೊಡುವ ಪೂರ್ವಪ್ರತ್ಯಯಗಳಲ್ಲಿ ಹೆಚ್ಚಾಗಿ ಎದುರಾಗುವವು ‘ಅನ್’ ಮತ್ತು ‘ಇನ್’. ಮಕ್ಕಳು ಇವುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಯೂ ಪರೀಕ್ಷೆಯಲ್ಲಿ ‘ಅನ್‌ಪಾಸಿಬಲ್’ ಎಂದು ಬರೆದು ಬರುತ್ತಾರೆ. ವಿರಾಜಪೇಟೆಯ ಕಡೆ ಹತ್ತನೆಯ ತರಗತಿಯವರಿಗೆ ಸಂಜೆ ಪಾಠ ಹೇಳುವ ನಾನು ಪಟ್ಟಿಯನ್ನು ಬದಿಗಿಟ್ಟು, ಅವರು ಕನ್ನಡ ವ್ಯಾಕರಣದಲ್ಲಿ ಆಗಲೇ ಕಲಿತಿರುವ ಸಂಧಿಯಿಂದಲೇ ಆರಂಭಿಸುತ್ತೇನೆ.

‘ಸಾಧ್ಯ’ದ ಮೊದಲಿಗೆ ‘ಅ’ ಬಂದರೆ ‘ಅಸಾಧ್ಯ’. ‘ಅಗತ್ಯ’ ಸ್ವರದಿಂದ ಶುರುವಾಗುವುದರಿಂದ ಅದು ‘ಅನಗತ್ಯ’. ಸಂಸ್ಕೃತದ ಈ ‘ಅ’, ಇಂಗ್ಲಿಷಿನ ಸ್ವಂತ ಆಸ್ತಿಯಾದ ‘ಅನ್’, ಲ್ಯಾಟಿನ್ನಿನಿಂದ ಬಂದ ‘ಇನ್’ ಮೂರೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಕವಲೊಡೆದವು. ಇವುಗಳಲ್ಲಿ ‘ಅನ್’ ಎಲ್ಲಿ ಹೋದರೂ ರೂಪ ಬದಲಿಸುವುದಿಲ್ಲ: ಅನ್‌ಪೇಯ್ಡ್, ಅನ್‌ರಿಯಲ್, ಅನ್‌ಲಾಫುಲ್. ‘ಇನ್’ ಹಾಗಲ್ಲ. ‘ಉತ್’ ಮತ್ತು ‘ಲೇಖ’ ಸೇರಿದಾಗ ತಕಾರವು ಲಕಾರವಾಗಿ ‘ಉಲ್ಲೇಖ’ವಾಗುವಂತೆ, ‘ಇನ್’ ಮತ್ತು ‘ಲೀಗಲ್’ ಸೇರಿ ‘ಇಲ್ಲೀಗಲ್’ ಆಗುತ್ತದೆ. ಅದೇ ರೀತಿ ‘ಆರ್’ ಅಕ್ಷರದ ಮುಂದೆ ‘ಇರ್ರೆಗ್ಯುಲರ್’. ‘ಎಂ’, ‘ಪಿ’, ‘ಬಿ’ ಅಕ್ಷರಗಳ ಮುಂದೆ ‘ಇಮ್ಮಾರಲ್’, ‘ಇಂಪಾಸಿಬಲ್’, ‘ಇಂಬ್ಯಾಲೆನ್ಸ್’. ಉಳಿದ ಬಹುಪಾಲು ಕಡೆ ‘ಇನ್‌ಕರೆಕ್ಟ್’, ‘ಇನ್‌ಕಂಪ್ಲೀಟ್’ ಎಂದು ‘ಇನ್’ ಹಾಗೆಯೇ ಉಳಿಯುತ್ತದೆ.

ಇದರಿಂದ ಕಾಗುಣಿತವೂ ನೇರವಾಗುತ್ತದೆ. ‘ಇಲ್ಲೀಗಲ್’ನಲ್ಲಿ ಎರಡು ‘ಎಲ್’ ಏಕೆ ಎಂದರೆ ಒಂದು ಪ್ರತ್ಯಯದ್ದು, ಇನ್ನೊಂದು ಪದದ್ದು. ಉಚ್ಚಾರದಲ್ಲಿ ಒಂದೇ ಕೇಳಿಸುವುದರಿಂದ ಮಕ್ಕಳು ಒಂದನ್ನು ನುಂಗಿಬಿಡುತ್ತಾರೆ. ‘ಉಲ್ಲೇಖ’ದ ಒತ್ತಕ್ಷರವನ್ನು ನೆನಪಿಸಿದರೆ ಮರೆಯುವುದಿಲ್ಲ.

ಹೊಸ ಪದ ಎದುರಾದಾಗ ಮೊದಲ ಎರಡು ಅಕ್ಷರಗಳ ಮೇಲೆ ಹೆಬ್ಬೆರಳಿಟ್ಟು, ಉಳಿದ ಭಾಗವು ತಾನೇ ಒಂದು ಪದವಾಗಿ ನಿಲ್ಲುತ್ತದೆಯೇ ಎಂದು ನೋಡಬೇಕು. ‘ಅನ್‌ಹ್ಯಾಪಿ’ಯಲ್ಲಿ ‘ಹ್ಯಾಪಿ’ ಉಳಿಯುತ್ತದೆ, ‘ಅಂಕಲ್’ನಲ್ಲಿ ಏನೂ ಉಳಿಯುವುದಿಲ್ಲ. ‘ಅನುಭವ’ದಲ್ಲಿ ‘ಅನ್’ ಎಂಬ ನಿಷೇಧವನ್ನು ಹುಡುಕುವವರು ನಮ್ಮಲ್ಲಿ ಯಾರೂ ಇಲ್ಲವಲ್ಲ, ಇದೂ ಹಾಗೆಯೇ.

ಆಮೇಲೆ ಉಳಿದ ಪದ ಕ್ರಿಯಾಪದವೇ ಎಂದು ಕೇಳಿಕೊಳ್ಳಬೇಕು. ಕಾಫಿ ಮೂಟೆಗಳ ಲಾರಿಯನ್ನು ‘ಅನ್‌ಲೋಡ್’ ಮಾಡುವುದೆಂದರೆ ಲೋಡ್ ಮಾಡದಿರುವುದಲ್ಲ, ಮಾಡಿದ ಲೋಡನ್ನು ಇಳಿಸುವುದು. ಅನ್‌ಲಾಕ್, ಅನ್‌ಡೂ ಮುಂತಾದವುಗಳಲ್ಲಿಯೂ ‘ಅನ್’ ಮಾಡಿದ್ದನ್ನು ತಿರುಗಿಸುತ್ತದೆ. ಆದರೆ ಕಾಫಿ ವ್ಯಾಪಾರದ ‘ಅನ್‌ವಾಶ್ಡ್’ ಎಂಬುದು ಬರಿಯ ನಿಷೇಧ. ಹಣ್ಣನ್ನು ಪಲ್ಪಿಂಗ್ ಮಾಡಿ, ಅಂದರೆ ಸಿಪ್ಪೆ ಸುಲಿದು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಸಿಪ್ಪೆಯ ಸಮೇತ ಕಣದಲ್ಲಿ ಒಣಗಿಸಿದರೆ ಚೆರಿ, ಅದೇ ‘ಅನ್‌ವಾಶ್ಡ್’. ಕೊಳಕು ಎಂಬ ಅರ್ಥ ಇಲ್ಲಿ ಕಿಂಚಿತ್ತೂ ಇಲ್ಲ ಎಂದು ಬೆಳೆಗಾರರ ಮಕ್ಕಳಿಗೆ ವಿವರಿಸಬೇಕಾಗಿಯೇ ಬರಲಿಲ್ಲ, ನನಗೇ ಅವರು ವಿವರಿಸಿದರು.

ಹೆಬ್ಬೆರಳಿನ ಪರೀಕ್ಷೆ ಕೈಕೊಡುವ ಪದಗಳೂ ಇವೆ. ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ ಬರುವ ಪೆಟ್ರೋಲ್ ಟ್ಯಾಂಕರಿನ ಹಿಂಭಾಗದ ‘ಇನ್‌ಫ್ಲೇಮಬಲ್’ ಎಂಬ ಪದಕ್ಕೆ ಒಬ್ಬ ಹುಡುಗ ‘ಬೆಂಕಿ ಹತ್ತದ’ ಎಂದು ಅರ್ಥ ಬರೆದಿದ್ದ. ಅದರ ‘ಇನ್’ ನಿಷೇಧದ್ದಲ್ಲ, ‘ಒಳಕ್ಕೆ’ ಎಂಬ ಅರ್ಥದ ಬೇರೊಂದು ‘ಇನ್’. ಪದದ ಅರ್ಥ ಸುಲಭವಾಗಿ ಹೊತ್ತಿಕೊಳ್ಳುವ ಎಂದು. ‘ಇಂಪೋರ್ಟ್’ನಲ್ಲಿರುವುದೂ ಅದೇ. ‘ಇನ್‌ವ್ಯಾಲ್ಯುಯಬಲ್’ನಲ್ಲಿರುವುದು ನಿಷೇಧವೇ ಆದರೂ ಅರ್ಥ ಬೆಲೆಯಿಲ್ಲದ್ದು ಎಂದಲ್ಲ, ಬೆಲೆ ಕಟ್ಟಲಾಗದ್ದು ಎಂದು. ನಮ್ಮ ‘ಅಮೂಲ್ಯ’ವೂ ಹೀಗೆಯೇ ಇರುವುದರಿಂದ ಅದನ್ನು ಒಮ್ಮೆ ಪಕ್ಕದಲ್ಲಿ ಬರೆದು ತೋರಿಸಿದರೆ ಸಾಕು.

ಕೊನೆಯದಾಗಿ, ‘ಅನ್‌ಏಬಲ್’ ಎಂಬ ಗುಣವಾಚಕದ ನಾಮಪದ ‘ಇನ್‌ಎಬಿಲಿಟಿ’, ‘ಅನ್‌ಸ್ಟೇಬಲ್’ನದು ‘ಇನ್‌ಸ್ಟೆಬಿಲಿಟಿ’, ‘ಅನ್‌ಜಸ್ಟ್’ನದು ‘ಇನ್‌ಜಸ್ಟಿಸ್’. ಇಂತಹ ಜೋಡಿಗಳನ್ನು ಸಂಧಿಯ ಸೂತ್ರದಿಂದ ಪಡೆಯಲಾಗದು. ನೋಟ್‌ಪುಸ್ತಕದ ಒಂದು ಪುಟದಲ್ಲಿ ಎದುರುಬದುರಾಗಿ ಬರೆದಿಟ್ಟು ಬಾಯಿಪಾಠ ಮಾಡುವುದೇ ಸರಿ.